ಲಾಭ, ಎರಡು, ಮೂರು

ಮೇ 13, ಮಂಗಳವಾರ. ಬೆಳಗ್ಗೆ 6.10. ಮಸ್ಕಿ

ತಕ್ಕಡಿಯ ಮೇಲೆ ಐದು ಕಿಲೋ ಅಕ್ಕಿ ಚೀಲ ಇಟ್ಟೆ. 5.00. ತೆಗೆದೆ. ಸೊನ್ನೆ. ಮತ್ತೆ ಇಟ್ಟೆ. 5.00. ನ್ಯಾಯಮೂರ್ತಿಗಳು ಇಂದೂ ನಿಷ್ಪಕ್ಷಪಾತಿಗಳಾಗಿದ್ದಾರೆ ಎಂದು ಈ ಮೂಲಕ ಸಕಲರಿಗೂ ತಿಳಿಯಪಡಿಸಲಾಗಿದೆ.

ದಿನಾ ಬೆಳಗಿನ ವಿಧಿ ಇದು. ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತದೆ. ಅಪ್ಪ ಕರಿಬಸಪ್ಪ ವಿಭೂತಿ ಹಚ್ಚಿಕೊಂಡು ನೋಡುತ್ತಾ ಕೂತಿರುತ್ತಾನೆ. ಮೂವತ್ತು ವರ್ಷ ಬೇಳೆ ತೂಗಿದ ಮನುಷ್ಯ. ಅವನ ಮಗ ಬಿ.ಎ. ಮುಗಿಸಿ ಕೂಸು ತೂಗುತ್ತಾನೆ.

"ಬ್ಯಾಳಿ ಕಡಿಮಿ ಬಿದ್ರ ಒಂದ್ ಹಿಡಿ ಹಾಕಿ ಸರಿ ಮಾಡ್ತೀವಿ. ಕೂಸು ಕಡಿಮಿ ಬಿದ್ರ ನೀವು ಏನ್ ಹಾಕ್ತೀರಿ?"

"ಆ್ಯಪ್‌ನಾಗ ಹಾಕ್ತೀವಪಾ."

ಅಪ್ಪ ನಗಲಿಲ್ಲ. ತಾನು ತೂಗಿದ್ದೇ ಹೆಚ್ಚು ಉಪಯೋಗದ್ದು ಎಂಬ ಮುಖ.

ಕೆಲಸ ಹೀಗೆ — ಸಿಂಧನೂರಿನ ಒಂದು ಟ್ರಸ್ಟ್. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರು ತಾಲೂಕು. ಐದು ವರ್ಷದೊಳಗಿನ ಮಕ್ಕಳು. ಮೂರು ತಿಂಗಳಿಗೊಮ್ಮೆ ಅದೇ ಊರು, ಅದೇ ಮನೆ, ಅದೇ ಕೂಸು. ತೂಕ, ಎತ್ತರ, ತೋಳಿನ ಸುತ್ತಳತೆ. ಕಾಲುವೆ ಸೀಮೆಯ ಮಕ್ಕಳು ಹೇಗಿದ್ದಾರೆ, ಒಣಸೀಮೆಯ ಮಕ್ಕಳು ಹೇಗಿದ್ದಾರೆ, ಹೋದ ವರ್ಷಕ್ಕಿಂತ ಈ ವರ್ಷ ಹೇಗೆ. ಹಳೆಯ ಲೆಕ್ಕಗಳಲ್ಲಿ ಮಸ್ಕಿ ಲಿಂಗಸುಗೂರಿನ ಹೊಟ್ಟೆಯಲ್ಲಿತ್ತು. ಈಗ ಬೇರೆ ತಾಲೂಕು. ಹೀಗಾಗಿ ನಮ್ಮೂರಿನ ಮಕ್ಕಳಿಗೆ ಹೋಲಿಸಿ ನೋಡಲು ಹಿಂದಿನ ವರ್ಷಗಳೇ ಇಲ್ಲ. ಮೊನ್ನೆ ಹುಟ್ಟಿದ ಊರು.

ಮಲೀಕಸಾಬರ ಹಾರ್ನ್. ಎತ್ತರ ಅಳೆಯುವ ಹಲಗೆ ಹೊರುವವರು ಅವರೇ, ಬೈಕೂ ಅವರದೇ. ಹಲಗೆಯ ಕವರಿನೊಳಗೆ ಐದು ಕಿಲೋ ಅಕ್ಕಿ ಸೇರಿಸಿದ್ದೇನೆ. ಲಿಂಗಸುಗೂರು ದಾಟುವಷ್ಟರಲ್ಲಿ ಅವರಿಗೆ ಭಾರ ಗೊತ್ತಾಗಬೇಕು.


ಮೇ 13. ಸಂಜೆ 5.30

ಲಿಂಗಸುಗೂರಿನಲ್ಲೂ ಗೊತ್ತಾಗಲಿಲ್ಲ. ಗುರುಗುಂಟಾದಲ್ಲಿ ಕವರ್ ಬಿಚ್ಚಿದಾಗ ಅಕ್ಕಿ ಹೊರಬಂತು. ಮಲೀಕಸಾಬ ಚೀಲವನ್ನು ನೋಡಿದರು, ನನ್ನನ್ನು ನೋಡಿದರು. "ಮಧ್ಯಾನ್ನದ ಊಟಾ ಆತು ಬಿಡು" ಅಂದು ಯಾರದೋ ಮನೆಗೆ ಕೊಟ್ಟು ಅನ್ನ ಮಾಡಿಸಿಬಿಟ್ಟರು. ಅಪ್ಪನಿಗೆ ಏನು ಹೇಳಲಿ?

ಗುರುಗುಂಟಾದ ಹೆಂಗಸರು ಮಕ್ಕಳನ್ನು ತಕ್ಕಡಿ ಹತ್ತಿಸಲು ಒಪ್ಪಲಿಲ್ಲ. ತೂಗಿದ್ದಕ್ಕಲ್ಲ, ಎಣಿಸಿದ್ದಕ್ಕೆ. "ಕೂಸುಗಳ್ನ ಒಂದು ಎರಡು ಅಂತ ಎಣಿಸಬಾರ್ದ್ರೀ. ಕುರಿ ಏನು?" ಅರ್ಧ ಗಂಟೆ ಎಲ್ಲರೂ ಸೆರಗು ಬಾಯಿಗೆ ಹಿಡಿದು ನಿಂತರು.

ಆಗ ಅಪ್ಪ ನೆನಪಾದ. ಕಾಳು ಅಳೆಯುವಾಗ ಅವನು ಮೊದಲ ಸೇರಿಗೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾನೆ. ಎಲ್ಲ ರಾಶಿಯಲ್ಲೂ ಹಾಗೆಯೇ. ಲಾಭ, ಎರಡು, ಮೂರು. ಹಾಗೆ ಶುರುವಾದ ಎಣಿಕೆಗೆ ಕೆಡುಕಿಲ್ಲ.

"ಅವ್ವಾರ್ರೀ, ಕುರಿ ಎಣಿಸಿದಂಗ ಎಣಸಂಗಿಲ್ಲ. ಜ್ವಾಳ ಅಳದಂಗ ಅಳೀತೀನಿ."

ನಕ್ಕರು. ಬಸ್ಸಮ್ಮ ಎಂಬಾಕೆ ಮಗಳನ್ನು ಮುಂದೆ ತಳ್ಳಿದಳು. ದುರ್ಗಾದೇವಿ, ಎರಡು ವರ್ಷ ನಾಲ್ಕು ತಿಂಗಳು. ಒಬ್ಬಳೇ ಹತ್ತಲೊಲ್ಲಳು. ಪಕ್ಕದ ಮನೆಯ ಚನ್ನು, ಮೂರು ವರ್ಷದವನು, ಅವನ ಕೈ ಹಿಡಿದೇ ಹತ್ತಿದಳು. ನ್ಯಾಯಮೂರ್ತಿಗಳು ಇಬ್ಬರನ್ನೂ ಒಂದೇ ಕೂಸೆಂದು ತೀರ್ಪು ಕೊಟ್ಟರು, 21.7. ಬಿಡಿಸಲು ಐದು ನಿಮಿಷ. ಆಮೇಲೆ ಅವಳಿಗೆ "ಲಾಭ!" ಎಂದು ಕೂಗಿದೆ, ಅವನಿಗೆ "ಎರಡು!" ಇಬ್ಬರಿಗೂ ಅದು ತಮ್ಮ ಹೆಸರು ಅನ್ನಿಸಿತು. ನಾವು ಹೊರಡುವತನಕ ಹಲಗೆಯ ಸುತ್ತ ತಿರುಗಿದರು. "ನಾ ಲಾಭ." "ನಾ ಎಲ್ಡು."

ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. ಕಟ್ಟೆ ಹತ್ತಿ ನಿಂತು ಘೋಷಿಸಿದೆ — "ಕೇಳಿರಿ, ಕೇಳಿರಿ! ಹತ್ತು ಕಿಲೋ ಇನ್ನೂರು ಗ್ರಾಂ ತೂಗಿದ ಶ್ರೀಮತ್ ದುರ್ಗಾದೇವಿಯವರನ್ನು ಈ ಓಣಿಯ ತೂಕದ ಮಹಾರಾಣಿ ಎಂದು ಸಾರಲಾಗಿದೆ!" ಹಾಳೆಯ ಮೇಲೆ ಬಿರುದು ಬರೆದೆ. ಅಂಗಡಿಯ ರಬ್ಬರ್ ಸ್ಟಾಂಪ್ ಜೇಬಿನಲ್ಲಿತ್ತು, ಒತ್ತಿದೆ. ಕೂಸು ಹಾಳೆ ಹಿಡಿದು ಕುಣಿಯಿತು. ಹೆಂಗಸರು ಯಾಕೋ ನಗಲಿಲ್ಲ.

ಬರುವಾಗ ಮಲೀಕಸಾಬ ಬೈಕ್ ನಿಧಾನ ಮಾಡಿದರು.

"ಕೂಸಿನ ತೂಕಾ ಊರಿಗೆಲ್ಲ ಕೇಳೋಹಂಗ ಒದರಿದೆಲ್ಲಲೇ. ನೆದರ ಆಗ್ತೈತಿ ಅಂತ ಅಂಜ್ಯಾರ ಅವ್ರು."

"ಚಾಚಾ, ಕಣ್ಣು ಬೀಳೋದು ಗಿಣ್ಣು ಬೀಳೋದು ನೀವೂ ನಂಬ್ತೀರೇನು?"

"ನಾ ನಂಬೂದು ಬ್ಯಾರೆ ಮಾತು. ಆ ಬಸ್ಸಮ್ಮನ ಮುಖಾ ನೋಡ್ದ್ಯೇನು ನೀ?"

ನೋಡಿರಲಿಲ್ಲ.


ಮೇ 16, ಶುಕ್ರವಾರ

ಗುರುಗುಂಟಾದ ನಮ್ಮ ಓಣಿಗಳ ಪಟ್ಟಿ ಅಪ್‌ಲೋಡ್. 41 ಮಕ್ಕಳು. ಕೆಂಪು ಮೂರು, ಹಳದಿ ಒಂಬತ್ತು, ಉಳಿದದ್ದು ಹಸಿರು. ತೋಳಿಗೆ ಸುತ್ತುವ ಪಟ್ಟಿಯ ಬಣ್ಣಗಳು ಇವು. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಆಸ್ಪತ್ರೆ. ಅಲ್ಲಿಂದ ಹನ್ನೆರಡೂವರೆವರೆಗೆ ಹಳದಿ, ಎಚ್ಚರಿಕೆ. ಮೇಲೆ ಹಸಿರು, ಸುಖೀಭವ. ಲಾಭ ಹಸಿರು. ಎರಡೂ ಹಸಿರು.

ರಾಜಶ್ರೀ ಮೇಡಂ ಫೋನ್. ಮೂರು ತಾಲೂಕಿನ ಉಸ್ತುವಾರಿ ಅವರದು.

"ಅನಿಲಕುಮಾರ, ಷರಾ ಕಾಲಂನಾಗ 'ತೂಕದ ಮಹಾರಾಣಿ' ಅಂತ ಬರದೀ?"

"ಹೌದ್ರೀ ಮೇಡಂ."

"ಅದೇನ್ ರೋಗ?"

"ರೋಗ ಅಲ್ರೀ, ಬಿರುದು."

"ಷರಾ ಕಾಲಂನಾಗ ಕಥಿ ಬರೀಬ್ಯಾಡ. ತೆಗಿ ಅದನ್ನ."

ತೆಗೆದೆ. ಚರಿತ್ರೆಗೆ ಆದ ನಷ್ಟ ದೊಡ್ಡದು.


ಆಗಸ್ಟ್ 4, ಸೋಮವಾರ. ಸಂಜೆ

ಎರಡೂವರೆ ತಿಂಗಳು ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಕಾಲುವೆಗೆ ನೀರು ಬಂತು. ಸಿಂಧನೂರು ದಾರಿಯ ಗದ್ದೆಗಳೆಲ್ಲ ಕನ್ನಡಿ.

ಇಂದು ಗುರುಗುಂಟಾ, ಎರಡನೇ ಸುತ್ತು. ಬೇಗ ಮುಗಿಯಿತು. 41ರಲ್ಲಿ 29 ಮಾತ್ರ ಸಿಕ್ಕವು, ಹನ್ನೆರಡು ಮಕ್ಕಳ ಮನೆಗೆ ಬೀಗ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಆ್ಯಪ್‌ನಲ್ಲಿ 'ಗೈರು' ಒತ್ತಿದೆ. ಬಸ್ಸಮ್ಮನ ಮನೆಗೂ ಬೀಗ, ಚನ್ನುವಿನ ಮನೆಗೂ.

ಸಿಕ್ಕ 29ರಲ್ಲಿ ಕೆಂಪು ಒಂದೂ ಇಲ್ಲ. ಹಳದಿ ನಾಲ್ಕೇ. ಮಲೀಕಸಾಬರಿಗೆ ಹೇಳಿದೆ, "ಚಾಚಾ, ಗುರುಗುಂಟಾ ಸುಧಾರಿಸೇತಿ ನೋಡ್ರಿ." ಅವರು ಹಲಗೆ ಕಟ್ಟುತ್ತಿದ್ದರು, ಹಗ್ಗ ಇನ್ನೊಂದು ಸುತ್ತು ಬಿಗಿದರು.

ಲಿಂಗಸುಗೂರಿನಲ್ಲಿ ಮಿರ್ಚಿ ಭಜಿ ತಿಂದು ನಾಲ್ಕಕ್ಕೇ ಮನೆ. ಒಳ್ಳೆಯ ದಿನ.


ಆಗಸ್ಟ್ 6, ಬುಧವಾರ. ಸಂಜೆ 7

ಬಳಗಾನೂರು. ಊರೊಳಗಿನ ಪಟ್ಟಿ ಮಧ್ಯಾಹ್ನಕ್ಕೆ ಮುಗಿಯಿತು. ಬರುವಾಗ ಕಾಲುವೆಯ ದಂಡೆಯ ಮೇಲೆ ಬೈಕ್ ಪಂಕ್ಚರ್. ಮಲೀಕಸಾಬ ಗಾಲಿ ಬಿಚ್ಚುತ್ತಾ ಕೂತರು. ನಾನು ನೆರಳು ಹುಡುಕಿ ಹೊರಟೆ.

ದಂಡೆಯ ಆಚೆ ಗುಡಿಸಲುಗಳು. ಕಟ್ಟಿಗೆ ನೆಟ್ಟು ನೀಲಿ ಪ್ಲಾಸ್ಟಿಕ್ ಹೊದಿಸಿದ್ದು. ದೊಡ್ಡವರೆಲ್ಲ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದರು. ಒಂದು ಮುದುಕಿ, ಏಳು ಮಕ್ಕಳು. ಒಂದು ಹುಡುಗಿ ತಗಡಿನ ಡಬ್ಬದ ಮೇಲೆ ಕೂತಿತ್ತು. ನನ್ನ ಹೆಗಲಿನ ತಕ್ಕಡಿ ಚೀಲ ನೋಡಿತು. ಎದ್ದು ಬಂತು. ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಹಿಮ್ಮಡಿ ಕೂಡಿಸಿ, ನೆಟ್ಟಗೆ ನಿಂತಿತು. ಅಳೆಯುವಾಗ ನಿಲ್ಲಬೇಕಾದ ಹಾಗೆ.

"ನಾ ಲಾಭ" ಅಂದಿತು.

ನನಗೆ ಗುರುತು ಸಿಕ್ಕಿರಲಿಲ್ಲ. ಸತ್ಯವಾಗಿ ಸಿಕ್ಕಿರಲಿಲ್ಲ. ಕೆನ್ನೆ ಇರಲಿಲ್ಲ. ಕೂದಲು ಕೆಂಚಾಗಿತ್ತು. ಹಿಂದಿನಿಂದ ಒಬ್ಬ ಬಂದು ಅವಳ ಪಕ್ಕ ನಿಂತ. "ನಾ ಎಲ್ಡು."

ತಕ್ಕಡಿ ಇಟ್ಟೆ. ಅವಳು 8.3. ಮೇ ತಿಂಗಳಲ್ಲಿ 10.2. ತೋಳಿಗೆ ಪಟ್ಟಿ ಸುತ್ತಿದೆ. 11.1. ಕೆಂಪು.

ಮುದುಕಿ ಹೇಳಿದಳು, ಗುರುಗುಂಟಾದಿಂದ ನಾಟಿ ಕೂಲಿಗೆ ಬಂದದ್ದು, ತಿಂಗಳಿಡೀ ಭೇದಿ, ಕಾಲುವೆ ನೀರು, ಒಂದು ಹೊತ್ತಿನ ಗಂಜಿ, ತಾಯಿ ನಸುಕಿನಲ್ಲಿ ಹೋದರೆ ಕತ್ತಲೆಗೆ ಬರುವುದು.

ಆ್ಯಪ್ ತೆರೆದೆ. ಮೊದಲ ಪ್ರಶ್ನೆ: 'ಮಗು ಈ ಊರಿನಲ್ಲಿ ಆರು ತಿಂಗಳಿಂದ ವಾಸವಾಗಿದೆಯೇ?' ಇಲ್ಲ ಎಂದು ಒತ್ತಿದೆ. 'ಧನ್ಯವಾದಗಳು. ಮುಂದಿನ ಮನೆಗೆ ಹೋಗಿ.'

ಮುಂದಿನ ಮನೆಯೂ ನೀಲಿ ಪ್ಲಾಸ್ಟಿಕ್. ಅದರ ಮುಂದಿನದೂ. ಏಳು ಮಕ್ಕಳಿಗೂ ಅದೇ ಧನ್ಯವಾದ. ಹಾಳೆಯ ಹಿಂದೆ ಅವರ ಹೆಸರು ಪೆನ್ಸಿಲ್‌ನಲ್ಲಿ ಬರೆದುಕೊಂಡೆ.

ಬಸ್ಸಮ್ಮ ಗದ್ದೆಯಿಂದ ಓಡಿ ಬಂದಳು. ಮೊಳಕಾಲತನಕ ಕೆಸರು. ಮಗಳನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಮತ್ತ ಬಂದ್ಯಾ? ಇನ್ನೂ ಏನ್ ಉಳದೈತಿ ತೂಗಾಕ?"

"ಅವ್ವಾ, ಕೂಸಿನ್ನ ಇವತ್ತ ದವಾಖಾನಿಗೆ ಒಯ್ಯಬೇಕು..."

"ನಿನ್ನ ಬಾಯಿ ಹತ್ತಿದ್ ಇದು! ಚೊಲೋ ಇತ್ತು ನನ್ ಕೂಸು. ಕಟ್ಟಿ ಹತ್ತಿ ಊರಿಗೆಲ್ಲ ಕೇಳೋಹಂಗ ಹತ್ತು ಕಿಲೋ ಹತ್ತು ಕಿಲೋ ಅಂದಿ. ಅವತ್ತಿಂದ ಬಾಯಿಗೆ ಹಾಕಿದ್ದು ಮೈಗೆ ಹತ್ತಿಲ್ಲ. ನೀ ಕೊಟ್ಟ ಕಾಗದಾ ಸೈತ ಸುಟ್ಟೀನಿ. ಹೋಗು. ಮುಟ್ಟಬ್ಯಾಡ."

ತಕ್ಕಡಿ ಚೀಲಕ್ಕೆ ಹಾಕಿದೆ. ಗಂಡ ಹನುಮಂತು ದೂರ ನಿಂತಿದ್ದ.

ಬಳಗಾನೂರಿನ ಅಂಗನವಾಡಿಗೆ ವಾಪಸ್ ಹೋಗಿ ಕಲ್ಯಾಣಮ್ಮ ಟೀಚರಿಗೆ ಹೇಳಿದೆ. ಅವರು ಮೊಟ್ಟೆ ಕಟ್ಟಿಕೊಟ್ಟರು, ಹಿಟ್ಟು ಕೊಟ್ಟರು. "ತಿನ್ನಾಕ ಕೊಡೂದು ಸಣ್ಣ ಕೆಲಸ. ಕೆಂಪು ಅಂದ್ರ ತಡ ಮಾಡೂಹಂಗಿಲ್ಲ. ಸಿಂಧನೂರು ದವಾಖಾನ್ಯಾಗ ಹದಿನಾಲ್ಕು ದಿನ ತಾಯಿ ಕೂಸು ಇಬ್ರನೂ ಇಟ್ಕೋತಾರ. ಆದ್ರ ಆಕಿ ಬರಬೇಕಲ್ಲ?"

"ನನ್ ಮಾತು ಕೇಳಂಗಿಲ್ಲ ಆಕಿ."

"ಕೇಳಂಗಿಲ್ಲ ಮತ್ತ. ನೆದರ ನಿಂದಂತ ತಿಳಕೊಂಡಾಳ. ನೆದರ ಯಾರ್ದೋ ಅವರ ಪಾದದ ಮಣ್ಣಿಲೇ ತಗೀಬೇಕು. ಗೊತ್ತಿಲ್ಲೇನು ನಿನಗ, ಅಂಗಡಿ ಸಾವ್ಕಾರ ಮಗ?"

ಗೊತ್ತು. ಹೋದ ವರ್ಷದವರೆಗೆ ಅದನ್ನು ಗೆಳೆಯರ ಮುಂದೆ ಅಭಿನಯಿಸಿ ನಗಿಸುತ್ತಿದ್ದೆ.


ಆಗಸ್ಟ್ 7, ಗುರುವಾರ. ಮಧ್ಯಾಹ್ನ 3. ಸಿಂಧನೂರು

ಬೆಳಗ್ಗೆ ಆರಕ್ಕೆ ಗುಡಿಸಲ ಮುಂದೆ. ನಾಟಿಯವರು ಹೊರಡುವ ಮುಂಚೆ. ಚಪ್ಪಲಿ ಬಿಚ್ಚಿದೆ. ಹಸಿ ಮಣ್ಣಿನಲ್ಲಿ ಬಲಗಾಲು ಊರಿದೆ. ಹೆಜ್ಜೆ ಮೂಡಿತು.

"ಬಸ್ಸಮ್ಮವ್ವಾ, ತಪ್ಪು ನಂದು. ಇಲ್ಲೇ ನಿಂತೀನಿ. ನೀ ತಗಿ."

ಅವಳು ಬಹಳ ಹೊತ್ತು ನೋಡಿದಳು. ನಾನು ನಗುತ್ತೇನೋ ಎಂದು ಕಾಯುತ್ತಿದ್ದಳು ಅನ್ನಿಸುತ್ತದೆ. ಆಮೇಲೆ ಬಗ್ಗಿ ಹೆಜ್ಜೆಯ ಮಣ್ಣು ಚಿಟಿಕೆ ತೆಗೆದಳು. ಉಪ್ಪು, ಒಣಮೆಣಸಿನಕಾಯಿ. ನನ್ನ ಅಂಗಿಯ ತುದಿಯಿಂದ ಒಂದು ಎಳೆ ದಾರ ಹರಿದಳು. ಕೂಸಿನ ಸುತ್ತ ಮೂರು ಸಲ ಇಳಿಸಿದಳು. "ಉಗುಳು" ಅಂದಳು. ಮೂರು ಸಲ ಉಗುಳಿದೆ. ಕೆಂಡಕ್ಕೆ ಹಾಕಿದಳು.

ನಿಯಮ ಎಲ್ಲರಿಗೂ ಗೊತ್ತು. ಘಾಟು ಎದ್ದರೆ ನೆದರಿಲ್ಲ. ಘಾಟು ಏಳದಿದ್ದರೆ ನೆದರು ಇತ್ತು, ಈಗ ಹೋಯಿತು.

ಗಾಳಿ ಕಾಲುವೆಯ ಕಡೆಯಿಂದ ಬರುತ್ತಿತ್ತು. ಹೊಗೆ ಪೂರ್ತಿ ನನ್ನ ಮುಖಕ್ಕೆ. ಘಾಟು ಇತ್ತು. ಗಂಟಲಲ್ಲಿ ಬೆಂಕಿ. ಎದೆಯಲ್ಲಿ ಕೆಮ್ಮು ಗುದ್ದುತ್ತಿತ್ತು. ಉಸಿರು ಹಿಡಿದೆ. ಹಲ್ಲು ಕಚ್ಚಿದೆ. ಕಣ್ಣಲ್ಲಿ ನೀರು. ಪಕ್ಕದಲ್ಲಿ ಮಲೀಕಸಾಬ ಕೂಡ ನಿಂತಿದ್ದರು. ಅವರ ಕೊರಳಿನ ನರಗಳು ಹಗ್ಗದ ಹಾಗೆ ಎದ್ದಿದ್ದವು. ಅವರೂ ಕೆಮ್ಮಲಿಲ್ಲ.

ಬಸ್ಸಮ್ಮ ನಮ್ಮಿಬ್ಬರ ಮುಖ ನೋಡಿದಳು.

"ಘಾಟು?"

"ಇಲ್ಲವ್ವಾ."

"ಇಲ್ಲಬೇ ತಂಗಿ" ಅಂದರು ಮಲೀಕಸಾಬ.

ಅವಳ ಹೆಗಲು ಇಳಿದವು. "ಹೋತು" ಅಂದಳು. ಕುಕ್ಕರುಗಾಲಲ್ಲಿ ಕೂತು ಅತ್ತಳು. ಆಮೇಲೆ ಸೀರೆ ಗಂಟು ಕಟ್ಟಿಕೊಂಡು ಎದ್ದಳು. "ಎಲ್ಲೈತಿ ದವಾಖಾನಿ?"

ನನ್ನ ಇಪ್ಪತ್ತಮೂರು ವರ್ಷಗಳಲ್ಲಿ ಎಷ್ಟೋ ಕುಚೇಷ್ಟೆ ಮಾಡಿದ್ದೇನೆ. ಇಷ್ಟು ಕಷ್ಟದ್ದು ಇದೊಂದೇ.

ಆಟೋ ಬಂತು. ಹನುಮಂತುವೂ ಹತ್ತಿದ. ಚನ್ನುವಿನ ಅವ್ವ ಅವನನ್ನು ಎತ್ತಿಕೊಂಡು ಬಂದಳು. "ಇವಂದೂ ಒಮ್ಮೆ ತೋಳು ನೋಡೋ ಯಪ್ಪಾ." ಸುತ್ತಿದೆ. 11.8.

"ಕೆಂಪೇನು?"

"ಅಲ್ಲವ್ವಾ. ಹಳದಿ."

"ಹಳದಿ ಅಂದ್ರ?"

ಆಟೋದವನು ಹಾರ್ನ್ ಹೊಡೆಯುತ್ತಿದ್ದ. ದವಾಖಾನೆಗೆ ಚೀಟಿ ಕೊಡುವುದು ಕೆಂಪಿಗೆ ಮಾತ್ರ. ಗಂಟಲು ಇನ್ನೂ ಉರಿಯುತ್ತಿತ್ತು, ಮನಸ್ಸು ಹಗುರಾಗಿತ್ತು. ಬಾಯಿಗೆ ಬಂದದ್ದು ಅಂದೆ:

"ಹಳದಿ ಅಂದ್ರ ಅರಿಷಿಣ ಅಲ್ಲೇನವ್ವ? ಶುಭ. ಮದವಿ ಗಂಡು ಇಂವ!"

ಅವಳು ನಕ್ಕಳು. ಸುತ್ತಲಿನವರೂ ನಕ್ಕರು. ಮೊಟ್ಟೆ, ಹಿಟ್ಟು ಅವಳ ಕೈಗೆ ಕೊಟ್ಟೆ. ಲಾಭ ಆಟೋದೊಳಗಿಂದ "ಎಲ್ಡು ಬಾ" ಅಂತ ಕರೆಯುತ್ತಿದ್ದಳು. ಅವನು ಬರುತ್ತೇನೆಂದು ಕಾಲು ಝಾಡಿಸಿದ. ಅವ್ವ ಬಿಡಲಿಲ್ಲ.

ದವಾಖಾನೆಯಲ್ಲಿ ಸೇರಿಸಿಕೊಂಡರು. ಲೋಟದಲ್ಲಿ ಹಾಲಿನಂಥದ್ದು ಕೊಟ್ಟರು. ಕುಡಿದಳು. ಅರ್ಧ ವಾಂತಿ. ಮತ್ತೆ ಕುಡಿದಳು.


ಆಗಸ್ಟ್ 13, ಬುಧವಾರ

ಬಳಗಾನೂರು ದಂಡೆ. ಗುಡಿಸಲುಗಳಿಲ್ಲ. ನೆಟ್ಟ ಕಟ್ಟಿಗೆಯ ಗುಂಡಿಗಳು ಮಾತ್ರ. ಒಂದು ಕಡೆ ಬೂದಿ.

ನಾಟಿ ಮುಗಿಯಿತಂತೆ. ಸೋಮವಾರ ಕೂಲಿಯವರ ಮೇಸ್ತ್ರಿ ಟೆಂಪೋದಲ್ಲಿ ಎಲ್ಲರನ್ನೂ ಹತ್ತಿಸಿಕೊಂಡು ಹೋದನಂತೆ. ಎಲ್ಲಿಗೆ? ಒಬ್ಬ ಮಾನ್ವಿ ಕಡೆ ಅಂದ. ಇನ್ನೊಬ್ಬ ಗಂಗಾವತಿ. ಪಂಪ್‌ಸೆಟ್ಟಿನ ಹುಸೇನ್‌ಸಾಬ್ ಅಂದರು, "ಆಂಧ್ರಾ ಅಂತಿದ್ರು ಮಗಾ. ನಾಟಿ ಎಲ್ಲಿ ಉಳದೈತೋ ಅಲ್ಲಿಗೆ."

ಹನುಮಂತುವಿನ ಹತ್ತಿರ ಚನ್ನುವಿನ ಅಪ್ಪನ ನಂಬರ್ ಇತ್ತು. ಸ್ವಿಚ್ ಆಫ್.

11.8. ಕೆಂಪು ಗೆರೆ 11.5. ನಡುವೆ ಮೂರು ಮಿಲಿಮೀಟರ್. ಅಪ್ಪನ ಅಂಗಡಿಯ ಕಡಲೆಬೇಳೆ ಅದಕ್ಕಿಂತ ದಪ್ಪ.

ಚನ್ನುವಿನ ಅವ್ವ ಕೇಳಿದ್ದಳು. ಹಳದಿ ಅಂದರೆ ಏನು ಅಂತ ಕೇಳಿದ್ದಳು.


ಆಗಸ್ಟ್ 21, ಗುರುವಾರ

ಲಾಭ ಡಿಸ್ಚಾರ್ಜ್. 9.4. ಇನ್ನು ಮನೆಯ ಆರೈಕೆ ಸಾಕು ಅಂದರು ಡಾಕ್ಟರ್. ತಂದೆ ತಾಯಿ ಗುರುಗುಂಟಾಕ್ಕೆ ಹೋದರು, ಈ ವರ್ಷ ಇನ್ನು ದುಡಿಯಲು ದೂರ ಹೋಗುವುದಿಲ್ಲವಂತೆ. ಬಸ್ ಹತ್ತುವಾಗ ಬಸ್ಸಮ್ಮ, "ಎಷ್ಟಾತು ಅಂತ ಯಾರ ಮುಂದೂ ಹೇಳಬ್ಯಾಡ ಮತ್ತ."

"ಇಲ್ಲವ್ವಾ." ಈ ದಿನಚರಿಯ ಮುಂದೆ ಬಿಟ್ಟು.

ಕೂಸು ಕಿಟಕಿಯಿಂದ ಕೇಳಿತು, "ಎಲ್ಡು ಎಲ್ಲಿ?"

"ಊರಿಗೆ ಬರ್ತಾನ" ಅಂದೆ.


ಸೆಪ್ಟೆಂಬರ್ 9, ಮಂಗಳವಾರ

ಸಿಂಧನೂರು ಆಫೀಸ್. ಮೀಟಿಂಗ್. ಗೋಡೆಯ ಮೇಲೆ ಮೇಡಂ ಗ್ರಾಫ್ ಹಾಕಿದರು. ಮೂರು ತಾಲೂಕು, ಮೂರು ಗೆರೆ. ಗುರುಗುಂಟಾದ ಕೆಂಪು ಮೂರರಿಂದ ಸೊನ್ನೆ. ಅದು ಸೇರಿರುವ ಲಿಂಗಸುಗೂರಿನ ಗೆರೆ ಕಡಿದಾಗಿ ಇಳಿದಿತ್ತು. ಕಾಲುವೆ ಕಡೆಯದು ಇದ್ದಲ್ಲೇ. ಯಾರೋ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ತಮಾಷೆ ಮಾಡುತ್ತೇನೆಂದು ಎಲ್ಲರೂ ಮುಖ ಅರಳಿಸಿ ತಿರುಗಿದರು.

"ಮೇಡಂ, ಗುರುಗುಂಟಾ ಸುಧಾರಿಸಿಲ್ರಿ. ಬಡವರ ಕೂಸುಗಳು ಊರಾಗಿಲ್ಲ. ಅದಕ್ಕ ಗೆರಿ ಇಳದೈತಿ."

"ಮತ್ತ ಎಲ್ಲದಾವ?"

"ಬಳಗಾನೂರು ಕಾಲುವಿ ದಂಡ್ಯಾಗಿದ್ವು. ಏಳು. ಈಗ ಅಲ್ಲೂ ಇಲ್ಲ."

"ಅಲ್ಲಿ ಎಂಟ್ರಿ ಮಾಡಿಲ್ಲಾ?"

"ಆ್ಯಪ್ ತಗೊಳ್ಳಂಗಿಲ್ರಿ. ಆರು ತಿಂಗಳ ವಾಸ ಕೇಳ್ತೈತಿ."

ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೆಟ್ಟ ಮನುಷ್ಯರಲ್ಲ. "ಆ ನಿಯಮ ಯಾಕ ಮಾಡೀವಿ ಅಂದ್ರ, ಎರಡೂ ಊರಾಗ ಎಣಿಸಿದ್ರ ಒಂದ ಕೂಸು ಎರಡಾಗ್ತದ."

"ಈಗ ಎರಡೂ ಊರಾಗ ಎಣಿಸಿಲ್ರಿ. ಒಂದ ಕೂಸು ಸೊನ್ನೆ ಆಗೇತಿ."

ಯಾರೂ ನಗಲಿಲ್ಲ. ನಗಿಸಲು ಹೇಳಿದ್ದೂ ಅಲ್ಲ. ಕೂತುಬಿಟ್ಟೆ.

ಮೀಟಿಂಗ್ ಆದ ಮೇಲೆ ಮೇಡಂ ಕರೆದರು. ನಿಯಮ ಬದಲಾಯಿಸುವುದು ಅವರ ಕೈಯಲ್ಲಿಲ್ಲವಂತೆ, ಮೇಲೆ ಬರೆಯುತ್ತಾರಂತೆ. "ಸತತ ಎರಡು ಸುತ್ತು ಗೈರಾದ್ರ ಹೆಸರು ಪಟ್ಟಿಯಿಂದ ತಾನ ಬೀಳ್ತದ, ಗೊತ್ತದಿಲ್ಲ? ನವೆಂಬರ್ ಒಳಗ ಅವು ಎಲ್ಲದಾವ ನೋಡು. ಸಿಕ್ಕಷ್ಟು ಬರಿ."

"ಎಲ್ಲಿ ಬರೀಲ್ರಿ?"

ಪೆನ್ನಿನ ಮುಚ್ಚಳ ಹಾಕಿದರು.

"ಷರಾ ಕಾಲಂನಾಗ ಬರಿ."


ಸೆಪ್ಟೆಂಬರ್ 21, ರವಿವಾರ

ಮಾನ್ವಿ ದಾರಿ. ನಾಲ್ಕು ಕಡೆ ಗುಡಿಸಲು. ಎಲ್ಲ ಬೇರೆ ಜನ. ಮಕ್ಕಳು ಮಾತ್ರ ಅವೇ ಅನ್ನಿಸಿತು.


ಅಕ್ಟೋಬರ್ 12, ರವಿವಾರ

ಆರ್.ಎಚ್. ಕ್ಯಾಂಪ್, ಸಿಂಧನೂರಿನ ಹತ್ತಿರದ ಬಂಗಾಳಿ ನಿರಾಶ್ರಿತರ ಊರು. ಕೂಲಿಯವರ ಒಂದು ಗುಂಪು ಬಂದಿದೆ ಅಂತ ಕಲ್ಯಾಣಮ್ಮ ಟೀಚರ್ ಫೋನ್ ಮಾಡಿದ್ದರು. ಹೋದೆವು. ಕ್ಯಾಂಪಿನ ಒಬ್ಬ ಯಜಮಾನ ಬಂಗಾಳಿ ಬೆರೆತ ಕನ್ನಡದಲ್ಲಿ ದಾರಿ ತೋರಿಸಿದ, ಚಹಾ ಕುಡಿಸಿದ. ಗುಂಪು ಯಾದಗಿರಿಯದು. ಚನ್ನು ಅಂತ ಒಬ್ಬ ಇದ್ದ. ಒಂಬತ್ತು ವರ್ಷದವನು.

ಅವನ ತೋಳಿಗೂ ಪಟ್ಟಿ ಸುತ್ತಿದೆ. ಆ ವಯಸ್ಸಿಗೆ ಪಟ್ಟಿಯ ಬಣ್ಣ ಅನ್ವಯಿಸುವುದಿಲ್ಲ. ಸುಮ್ಮನೆ ಸುತ್ತಿದೆ. ಅವನು ನಗುತ್ತಿದ್ದ.

ಬರುವಾಗ ಮಲೀಕಸಾಬ, "ಪೆಟ್ರೋಲು ಈ ಸಲಾನೂ ನಂದ. ಮಾತಾಡಬ್ಯಾಡ." ಮಸ್ಕಿ ಗುಡ್ಡ ಕಾಣುವ ಹೊತ್ತಿಗೆ, ನಾನು ಹಲಗೆಯ ಕವರಿನಲ್ಲಿ ಏನಾದರೂ ಅಡಗಿಸಿ ಬಹಳ ದಿನವಾಯಿತು ಎಂದು ಅವರೇ ಒಮ್ಮೆ ಹೇಳಿದರು.


ನವೆಂಬರ್ 11, ಮಂಗಳವಾರ. ಸಂಜೆ

ನಾಳೆ ಗುರುಗುಂಟಾ, ಮೂರನೇ ಸುತ್ತು. ದೀಪಾವಳಿಗೆ ಎಲ್ಲರೂ ಊರಿಗೆ ಬರುತ್ತಾರೆ. ಬಂದಿರಬೇಕು. ಬಂದಿದ್ದರೆ ಹಬ್ಬ ಮುಗಿಸಿ ಇನ್ನೂ ಹೋಗಿರಲಿಕ್ಕಿಲ್ಲ. ಹನುಮಂತುವಿಗೆ ಫೋನ್ ಮಾಡಿ ಕೇಳಬಹುದು. ಮಾಡಲಿಲ್ಲ.

ಅಪ್ಪ ಅಕ್ಕಿ ಚೀಲ ತಾನೇ ತಂದು ತಕ್ಕಡಿಯ ಮೇಲಿಟ್ಟ. 5.00. "ಸರಿ ಐತಿ" ಅಂದ. ಆಮೇಲೆ, "ಆ ಹುಡುಗ ಸಿಕ್ಕನೇನು?" ನಾನು ಅವನಿಗೆ ಹೇಳಿರಲೇ ಇಲ್ಲ. ಮಲೀಕಸಾಬ ಹೇಳಿರಬೇಕು.


ನವೆಂಬರ್ 12, ಬುಧವಾರ. ಬೆಳಗ್ಗೆ 9.40. ಗುರುಗುಂಟಾ

ಚನ್ನುವಿನ ಮನೆಗೆ ಬೀಗ. ಅದೇ ಬೀಗ. ನಾನು ಹಾಕಿದ ಸೀಮೆಸುಣ್ಣದ ಗುರುತು ಮಳೆಗೆ ಅರ್ಧ ಹೋಗಿದೆ. ದಸರಾಕ್ಕೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಎಲ್ಲಿದ್ದಾರೆ ಯಾರಿಗೂ ತಿಳಿಯದು. ಫೋನ್ ಇನ್ನೂ ಆಫ್.

ಆ್ಯಪ್ ಅವನ ಹೆಸರು ತೆರೆದು ಕೇಳುತ್ತಿದೆ. ನಾಲ್ಕು ಗುಂಡಿ. 'ಗೈರು.' 'ಊರು ಬಿಟ್ಟಿದ್ದಾರೆ.' 'ನಿರಾಕರಣೆ.' 'ಮೃತ.' ಗೊತ್ತಿಲ್ಲ ಎಂಬ ಗುಂಡಿ ಇಲ್ಲ. ಯಾವುದನ್ನು ಒತ್ತಿದರೂ ಅವನ ಹೆಸರು ಪಟ್ಟಿಯಿಂದ ಬೀಳುತ್ತದೆ. ಯಾವುದನ್ನು ಒತ್ತಿದರೂ ಗುರುಗುಂಟಾದ ಗೆರೆ ಇನ್ನಷ್ಟು ಚೆಂದವಾಗುತ್ತದೆ.

ಬಸ್ಸಮ್ಮ ಮಗಳನ್ನು ಕರೆತಂದಳು. ಸಾಲಿನಲ್ಲಿ ಮೊದಲು ನಿಲ್ಲಿಸಿದಳು.

"ಬಾಯಿ ಮುಚ್ಚಿ ತೂಗು."

ಬಾಯಿ ಮುಚ್ಚಿ ತೂಗಿದೆ. 10.6. ತೋಳು 12.9. ಹಸಿರು. ಮಲೀಕಸಾಬರಿಗೆ ಹಾಳೆ ತೋರಿಸಿದೆ. ನಗು ಕಾಣದಿರಲೆಂದು ಅವರು ಮುಖ ಆ ಕಡೆ ತಿರುಗಿಸಿಕೊಂಡರು. ಬಸ್ಸಮ್ಮ ನಮ್ಮಿಬ್ಬರ ಬೆನ್ನು ನೋಡಿಯೇ ತಿಳಿದುಕೊಂಡಳು, ಸೆರಗಿನಿಂದ ಕೂಸಿನ ಮುಖ ಒರೆಸಿದಳು.

ಕೂಸು ತಕ್ಕಡಿಯ ಮೇಲೆ ಹಿಮ್ಮಡಿ ಕೂಡಿಸಿ ನಿಂತು ತಾನೇ ಹೇಳಿತು. "ಲಾಭ." ಎಷ್ಟು ಸ್ಪಷ್ಟ ಮಾತು ಈಗ. ಆಮೇಲೆ ಇಳಿದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಜಾಗ ಬಿಟ್ಟು ನಿಂತಿತು.

"ಎಲ್ಡು" ಅಂದಿತು.

ಯಾರೂ ಹತ್ತಲಿಲ್ಲ. ತಕ್ಕಡಿ 0.00 ತೋರಿಸುತ್ತಿತ್ತು. ಹಿಂದಿನ ತಾಯಿ ತನ್ನ ಮಗನನ್ನು ಮುಂದೆ ತಳ್ಳಿದಳು. ಲಾಭ ಕೈ ಅಡ್ಡ ಹಿಡಿದಳು.

"ನೀ ಅಲ್ಲ. ಎಲ್ಡು ಮೊದ್ಲ."

ನೆಟ್‌ವರ್ಕ್ ಇಲ್ಲ ಎಂದು ಸುಳ್ಳು ಹೇಳಿ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನೆಟ್‌ವರ್ಕ್ ಪೂರ್ತಿ ಇದೆ. ಸಾಲು ಕಾಯುತ್ತಿದೆ. ಲಾಭ ಇನ್ನೂ ಕೈ ಇಳಿಸಿಲ್ಲ. ಮಲೀಕಸಾಬ ಮೆಲ್ಲಗೆ, "ಕರಿಯೋ ಅನಿಲ. ಬಿಸಲ ಏರಾಕತ್ತೈತಿ" ಅನ್ನುತ್ತಿದ್ದಾರೆ.

ಕೂಗಬೇಕು. ಎರಡು ಅಂದರೆ ಯಾರೂ ಬರುವುದಿಲ್ಲ. ಮೂರು ಅಂದರೆ —